ಮಂಚಕ್ಕೆ ಬಾಕ್ಸ್ ಸ್ಪ್ರಿಂಗ್ ಬೇಕೇ, ಬೇಡವೇ? ಮೊದಲು ಹಾಸಿಗೆ ಎತ್ತಿ ನೋಡಿ

ಹೊಸ ಹಾಸಿಗೆ ಕೊಳ್ಳುವಾಗ ಜೊತೆಗೆ ಬಾಕ್ಸ್ ಸ್ಪ್ರಿಂಗ್ (ಹಾಸಿಗೆಯ ಅಡಿಗೆ ಇಡುವ, ಬಟ್ಟೆ ಹೊದಿಸಿದ ಸ್ಪ್ರಿಂಗ್ ಪೆಟ್ಟಿಗೆ) ಕೂಡ ತೆಗೆದುಕೊಳ್ಳಬೇಕೇ ಎಂಬ ಪ್ರಶ್ನೆಗೆ ಉತ್ತರ ಮುಕ್ಕಾಲು ಪಾಲು ಮಂಚದಲ್ಲೇ ಇರುತ್ತದೆ. ಹಾಸಿಗೆಯನ್ನು ಎತ್ತಿ ಗೋಡೆಗೆ ಒರಗಿಸಿ, ಮಂಚದ ಚೌಕಟ್ಟಿನ ನಡುವೆ ಏನಿದೆ ಎಂದು ನೋಡಿ. ಮರದ ಅಡ್ಡಪಟ್ಟಿಗಳು ಒತ್ತೊತ್ತಾಗಿ ಇದ್ದರೆ, ಪೂರ್ತಿ ಹಲಗೆ ಹೊಡೆದಿದ್ದರೆ, ಅಥವಾ ಕಬ್ಬಿಣದ ಜಾಲರಿ ಒತ್ತಾಗಿ ಹೆಣೆದಿದ್ದರೆ ಬಾಕ್ಸ್ ಸ್ಪ್ರಿಂಗ್ ಬೇಕಿಲ್ಲ. ಎರಡು ಮೂರು ಅಡ್ಡ ಸರಳುಗಳನ್ನು ಬಿಟ್ಟರೆ ಉಳಿದದ್ದೆಲ್ಲ ಖಾಲಿ ಎಂದಾದರೆ ಹಾಸಿಗೆಯ ಅಡಿಗೆ ಏನಾದರೊಂದು ಆಧಾರ ಬೇಕೇ ಬೇಕು. ಆ ಆಧಾರ ಬಾಕ್ಸ್ ಸ್ಪ್ರಿಂಗೇ ಆಗಿರಬೇಕೆಂದೇನೂ ಇಲ್ಲ. ಹಣ ಉಳಿಯುವುದೂ ಹಾಸಿಗೆಯ ಬಾಳಿಕೆ ಹೆಚ್ಚುವುದೂ ಈ ವಿಷಯ ಅರ್ಥವಾದಾಗಲೇ.

ಒಂದೇ ರೂಪ, ಮೂರು ವಸ್ತು

ಬಟ್ಟೆ ಹೊದಿಸಿದ ದಪ್ಪನೆಯ ಪೆಟ್ಟಿಗೆಯನ್ನೆಲ್ಲ ಬಾಕ್ಸ್ ಸ್ಪ್ರಿಂಗ್ ಎಂದು ಕರೆಯುವ ರೂಢಿಯಿದೆ. ಒಳಗೆ ನೋಡಿದರೆ ಅವು ಬೇರೆ ಬೇರೆ.

ನಿಜವಾದ ಬಾಕ್ಸ್ ಸ್ಪ್ರಿಂಗಿನಲ್ಲಿ ಮರದ ಚೌಕಟ್ಟಿನ ಮೇಲೆ ಉಕ್ಕಿನ ಸ್ಪ್ರಿಂಗುಗಳೋ, ಮಡಚಿದ ದಪ್ಪ ತಂತಿಗಳೋ ಇರುತ್ತವೆ. ಅವುಗಳ ಮೇಲೆ ತಂತಿಯ ಜಾಲ, ತೆಳುವಾದ ಮೆತ್ತೆ, ಬಟ್ಟೆಯ ಹೊದಿಕೆ. ದಪ್ಪ ಸಾಮಾನ್ಯವಾಗಿ 20ರಿಂದ 23 ಸೆಂ.ಮೀ., ಗಿಡ್ಡ ಮಾದರಿಗಳಲ್ಲಿ 10ರಿಂದ 13 ಸೆಂ.ಮೀ. ಅಂಗೈ ಊರಿ ಮೈಭಾರ ಬಿಟ್ಟರೆ ಸ್ವಲ್ಪ ಕುಗ್ಗಿ ಮತ್ತೆ ಮೇಲೇಳುತ್ತದೆ. ಎರಡನೆಯದು ಫೌಂಡೇಶನ್. ಹೊರಗಿನಿಂದ ಥೇಟ್ ಅದರಂತೆಯೇ ಕಂಡರೂ ಒಳಗೆ ಸ್ಪ್ರಿಂಗ್ ಇಲ್ಲ, ಮರದ ಪಟ್ಟಿಗಳಷ್ಟೇ ಇರುತ್ತವೆ. ಕೆಲವಕ್ಕೆ ಪಟ್ಟಿಗಳ ಮೇಲೆ ಗಟ್ಟಿ ರಟ್ಟು ಹೊಡೆದಿರುತ್ತಾರೆ. ಒತ್ತಿದರೆ ಕುಗ್ಗುವುದಿಲ್ಲ. ಮೂರನೆಯದು ಬಂಕಿ ಬೋರ್ಡ್: ಬಟ್ಟೆ ಹೊದಿಸಿದ ತೆಳು ಹಲಗೆ ಅಥವಾ ಪಟ್ಟಿಗಳ ಸಾಲು, ದಪ್ಪ 3ರಿಂದ 8 ಸೆಂ.ಮೀ. ಒಳಗೆ. ಮಂಚದ ಎತ್ತರ ಹೆಚ್ಚಿಸದೆ ಸಮತಲ ಬೇಕಾದಾಗ ಇದು ಉಪಯೋಗಕ್ಕೆ ಬರುತ್ತದೆ.

ನಿಮ್ಮಲ್ಲಿರುವುದು ಯಾವುದೆಂದು ಗೊತ್ತಾಗದಿದ್ದರೆ ಮಗುಚಿ ಹಾಕಿ. ತಳದಲ್ಲಿ ಸ್ಟೇಪಲ್ ಪಿನ್ನುಗಳಿಂದ ಹೊಡೆದ ತೆಳ್ಳಗಿನ ಬಟ್ಟೆ ಇರುತ್ತದೆ. ಒಂದು ಮೂಲೆಯಲ್ಲಿ ನಾಲ್ಕಾರು ಪಿನ್ನು ಕಿತ್ತು ಟಾರ್ಚ್ ಬಿಟ್ಟು ನೋಡಿದರೆ ಸ್ಪ್ರಿಂಗ್ ಇದೆಯೇ ಇಲ್ಲವೇ ಎಂಬುದು ತಿಳಿಯುತ್ತದೆ. ನೋಡಿಯಾದ ಮೇಲೆ ಬಟ್ಟೆಯನ್ನು ಮತ್ತೆ ಹೊಡೆದುಬಿಡಿ. ಆ ತಳದ ಟೊಳ್ಳು ತಿಗಣೆಗಳಿಗೆ ಬಲು ಇಷ್ಟದ ಜಾಗ, ಬಟ್ಟೆ ಹರಿದಿದ್ದರೆ ಅವಕ್ಕೆ ದಾರಿ ಮಾಡಿಕೊಟ್ಟಂತೆ. ಹಳೆಯ ಬಾಕ್ಸ್ ಸ್ಪ್ರಿಂಗ್ ಕೊಳ್ಳುವವರು ಮೊದಲು ಪರೀಕ್ಷಿಸಬೇಕಾದದ್ದು ಈ ತಳವನ್ನೇ.

ಇನ್ನೊಂದು ಗೊಂದಲವನ್ನು ಇಲ್ಲೇ ಬಗೆಹರಿಸಿಬಿಡೋಣ. ಜರ್ಮನಿ, ನೆದರ್ಲೆಂಡ್ಸ್ ಮೊದಲಾದ ಕಡೆ ಬಾಕ್ಸ್ ಸ್ಪ್ರಿಂಗ್ ಮಂಚ ಎಂದು ಮಾರುವುದು ಸ್ಪ್ರಿಂಗ್ ತುಂಬಿದ ತಳ, ಅದರ ಮೇಲೊಂದು ಹಾಸಿಗೆ, ಅದರ ಮೇಲೆ ತೆಳು ಹೊದಿಕೆ ಹಾಸು ಎಲ್ಲ ಸೇರಿದ ಪೂರ್ಣ ಮಂಚವನ್ನು. ಅದಕ್ಕೆ ಬೇರೆ ಚೌಕಟ್ಟು ಬೇಡ. ಅಂತಹ ಮಂಚದ ಬಗ್ಗೆ ಓದಿದ ಸಲಹೆಯನ್ನು ಚೌಕಟ್ಟಿನೊಳಗೆ ಇಡುವ ಬಾಕ್ಸ್ ಸ್ಪ್ರಿಂಗಿಗೆ ಅನ್ವಯಿಸಬೇಡಿ.

ಮಂಚದ ಬಗೆ ನೋಡಿ ನಿರ್ಧಾರ

ಕಾಲುಗಳ ಮೇಲೆ ನಾಲ್ಕು ಕಬ್ಬಿಣದ ಕೋನಪಟ್ಟಿಗಳನ್ನು ಜೋಡಿಸಿ ನಡುವೆ ಒಂದೆರಡು ಸರಳು ಕೊಟ್ಟ ಸಾದಾ ಲೋಹದ ಚೌಕಟ್ಟು ಬಾಕ್ಸ್ ಸ್ಪ್ರಿಂಗಿಗೆಂದೇ ಹುಟ್ಟಿದ್ದು. ಅದರ ಮೇಲೆ ಹಾಸಿಗೆಯನ್ನು ನೇರವಾಗಿ ಇಟ್ಟರೆ ಸರಳುಗಳ ನಡುವೆ ಹಾಸಿಗೆ ಜೋತು ಬೀಳುತ್ತದೆ, ಕೆಲವೇ ತಿಂಗಳಲ್ಲಿ ಆ ತಗ್ಗು ಖಾಯಂ ಆಗುತ್ತದೆ. ಇಲ್ಲಿ ಬಾಕ್ಸ್ ಸ್ಪ್ರಿಂಗ್ ಅಥವಾ ಫೌಂಡೇಶನ್ ಬೇಕು. ಬಂಕಿ ಬೋರ್ಡ್ ಮಾತ್ರ ಸಾಲದು. ಅಷ್ಟು ದೊಡ್ಡ ಖಾಲಿ ಜಾಗದ ಮೇಲೆ ತೆಳು ಹಲಗೆ ತಾನೇ ಬಾಗುತ್ತದೆ.

ತಲೆಕಟ್ಟು, ಕಾಲುಕಟ್ಟು ಇರುವ ಹಳೆಯ ಕಾಲದ ಮರದ ಮಂಚಗಳಲ್ಲಿ ಪಕ್ಕದ ಹಲಗೆಗಳು ಆಳವಾಗಿರುತ್ತವೆ. ಒಳಬದಿಗೆ ಕೆಳಗಡೆ ಒಂದು ತೆಳು ಮರದ ಪಟ್ಟಿ ಮೊಳೆ ಹೊಡೆದಿರುತ್ತದೆ, ಅದರ ಮೇಲೆ ಮೂರು ನಾಲ್ಕು ಅಡ್ಡಪಟ್ಟಿ. ಆ ಆಳ ಬಿಟ್ಟಿರುವುದು ಬಾಕ್ಸ್ ಸ್ಪ್ರಿಂಗ್ ಒಳಗೆ ಕೂರಲಿ ಎಂದು. ಒಳಪಟ್ಟಿಯಿಂದ ಪಕ್ಕದ ಹಲಗೆಯ ಮೇಲಂಚಿನವರೆಗೆ ಅಳೆಯಿರಿ. 15 ಸೆಂ.ಮೀ.ಗಿಂತ ಹೆಚ್ಚು ಆಳವಿದ್ದು, ಹಾಸಿಗೆಯನ್ನು ನೇರ ಅಡ್ಡಪಟ್ಟಿಗಳ ಮೇಲೆ ಇಟ್ಟರೆ ಹಾಸಿಗೆ ಹಲಗೆಯೊಳಗೆ ಮುಳುಗಿ, ಏಳುವಾಗ ಮರದ ಅಂಚು ತೊಡೆಯ ಹಿಂಬದಿಗೆ ಒತ್ತುತ್ತದೆ. ಇಂತಹ ಮಂಚಕ್ಕೆ ಫೌಂಡೇಶನ್ನೇ ಹಿತವಾದ ಆಯ್ಕೆ.

ಒತ್ತಾದ ಪಟ್ಟಿಗಳೋ ಪೂರ್ತಿ ಹಲಗೆಯೋ ಇರುವ ಪ್ಲಾಟ್‌ಫಾರ್ಮ್ ಮಂಚಕ್ಕೆ, ಕೆಳಗೆ ಸಾಮಾನು ಇಡುವ ಪೆಟ್ಟಿಗೆ ಮಂಚಕ್ಕೆ, ತಲೆ-ಕಾಲು ಎತ್ತುವ ಮೋಟಾರ್ ಮಂಚಕ್ಕೆ ಬಾಕ್ಸ್ ಸ್ಪ್ರಿಂಗ್ ಬೇಡ. ಮೋಟಾರ್ ಮಂಚಕ್ಕಂತೂ ಇಡಲೂ ಬಾರದು, ಅದು ಮಡಚುವುದಿಲ್ಲ. ಮಕ್ಕಳ ಎರಡಂತಸ್ತಿನ ಮಂಚಕ್ಕೆ ಬಾಕ್ಸ್ ಸ್ಪ್ರಿಂಗ್ ಅಪಾಯಕಾರಿ: ಮೇಲಂತಸ್ತಿನ ಹಾಸಿಗೆ ಇಪ್ಪತ್ತು ಸೆಂ.ಮೀ. ಎತ್ತರಕ್ಕೇರಿದರೆ ತಡೆಗಂಬಿ ಅಷ್ಟರಮಟ್ಟಿಗೆ ಗಿಡ್ಡವಾಗುತ್ತದೆ, ಮಗು ಉರುಳಿ ಬೀಳಬಹುದು.

ಅಡ್ಡಪಟ್ಟಿಗಳ ಲೆಕ್ಕಾಚಾರ

ಗೊಂದಲ ಹೆಚ್ಚು ಇರುವುದು ಅಡ್ಡಪಟ್ಟಿ ಇರುವ ಮಂಚಗಳಲ್ಲೇ. ಪಟ್ಟಿ ಇದೆ ಎಂದ ಮಾತ್ರಕ್ಕೆ ಆಧಾರ ಸರಿಯಿದೆ ಎಂದಲ್ಲ. ಮೂರು ಅಳತೆ ನೋಡಬೇಕು: ಪಟ್ಟಿಗಳ ನಡುವಿನ ಸಂದು, ಪಟ್ಟಿಯ ದಪ್ಪ, ಮಂಚದ ನಡುವೆ ಉದ್ದಕ್ಕೂ ಹೋಗುವ ತೊಲೆ.

ಸಂದು 7 ಸೆಂ.ಮೀ. ಒಳಗಿರಬೇಕು. ಹೆಚ್ಚಿನ ತಯಾರಕರ ಮಿತಿ 7ರಿಂದ 7.5 ಸೆಂ.ಮೀ.; ಲೇಟೆಕ್ಸ್ ಹಾಸಿಗೆ ಭಾರವೂ ಹೌದು, ಬಳುಕುವುದೂ ಹೌದು, ಹಾಗಾಗಿ ಅದಕ್ಕೆ 5 ಸೆಂ.ಮೀ. ಒಳಗೆ ಇದ್ದರೆ ಒಳ್ಳೆಯದು. ಸಂದು ಅಗಲವಾದಾಗ ಏನಾಗುತ್ತದೆ ಎಂಬುದು ಹಾಸಿಗೆಯ ಬಗೆಯ ಮೇಲೆ ಹೋಗುತ್ತದೆ. ಫೋಮ್ ನಿಧಾನವಾಗಿ ಸಂದಿಯೊಳಕ್ಕೆ ಇಳಿದು ತಳದಲ್ಲಿ ಗೆರೆಗೆರೆಯಾಗಿ ಅಚ್ಚು ಬೀಳುತ್ತದೆ, ಒಳಗಿನ ಪದರ ಆ ಜಾಗಗಳಲ್ಲಿ ಬೇಗ ಸವೆಯುತ್ತದೆ. ಪಾಕೆಟ್ ಸ್ಪ್ರಿಂಗ್ ಹಾಸಿಗೆಯಲ್ಲಿ ಒಂದೊಂದು ಸ್ಪ್ರಿಂಗೂ ತನ್ನದೇ ಬಟ್ಟೆ ಚೀಲದಲ್ಲಿ ಬಿಡಿಯಾಗಿರುವುದರಿಂದ, ಸಂದಿಯ ಮೇಲೆ ಬಂದ ಸಾಲಿಗೆ ಕೆಳಗೆ ನೆಲೆಯಿಲ್ಲದೆ ಅದು ಓರೆಯಾಗುತ್ತದೆ. ಬಾನೆಲ್ ಎಂಬ ಬಗೆಯ ಹಾಸಿಗೆಯಲ್ಲಿ ಸ್ಪ್ರಿಂಗುಗಳನ್ನು ತಂತಿಯಿಂದ ಒಂದಕ್ಕೊಂದು ಬಿಗಿದಿರುವುದರಿಂದ ಅವು ಸ್ವಲ್ಪ ಹೆಚ್ಚು ಸಂದನ್ನು ತಾಳಿಕೊಳ್ಳುತ್ತವೆ.

ಲೆಕ್ಕ ಹಾಕುವುದು ಸುಲಭ. ಒಳಉದ್ದದಿಂದ ಎಲ್ಲ ಪಟ್ಟಿಗಳ ಒಟ್ಟು ಅಗಲ ಕಳೆಯಿರಿ, ಉಳಿದದ್ದನ್ನು ಪಟ್ಟಿಗಳ ಸಂಖ್ಯೆಗಿಂತ ಒಂದು ಕಡಿಮೆ ಸಂಖ್ಯೆಯಿಂದ ಭಾಗಿಸಿ. 200 ಸೆಂ.ಮೀ. ಉದ್ದದ ಮಂಚಕ್ಕೆ 7 ಸೆಂ.ಮೀ. ಅಗಲದ 10 ಪಟ್ಟಿ ಇದ್ದರೆ ಸಂದು 14.4 ಸೆಂ.ಮೀ.; ಇದು ಯಾವ ಹಾಸಿಗೆಗೂ ಸಲ್ಲದು. 15 ಪಟ್ಟಿ ಇದ್ದರೆ 6.8, 16 ಇದ್ದರೆ 5.9. ಹತ್ತೇ ಪಟ್ಟಿ ಇರುವ ಮಂಚಕ್ಕೆ ಬಾಕ್ಸ್ ಸ್ಪ್ರಿಂಗ್ ತರುವ ಬದಲು ಪ್ರತಿ ಸಂದಿಗೂ ಅದೇ ಅಗಲ, ಅದೇ ದಪ್ಪದ ಒಂದೊಂದು ರೀಪು ಸೇರಿಸಿದರೆ ಸಂದು 3.7 ಸೆಂ.ಮೀ.ಗೆ ಇಳಿಯುತ್ತದೆ. ಒಂಬತ್ತು ರೀಪು, ಹದಿನೆಂಟು ಸ್ಕ್ರೂ, ಒಂದು ಗಂಟೆಯ ಕೆಲಸ. ನಮ್ಮ ದೃಷ್ಟಿಯಲ್ಲಿ ಇದಕ್ಕಿಂತ ಒಳ್ಳೆಯ ದುರಸ್ತಿ ಮತ್ತೊಂದಿಲ್ಲ.

ದಪ್ಪದ ವಿಷಯದಲ್ಲಿ ಚೌಕಾಶಿ ಬೇಡ. ಪಟ್ಟಿಯ ಬಿಗುವು ಅದರ ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ: 12 ಮಿ.ಮೀ. ಪಟ್ಟಿಗಿಂತ 18 ಮಿ.ಮೀ. ಪಟ್ಟಿ ಒಂದೂವರೆ ಪಟ್ಟು ದಪ್ಪವಾದರೂ ಬಾಗುವಿಕೆಯನ್ನು ಮೂರರಷ್ಟಕ್ಕಿಂತ ಹೆಚ್ಚು ತಡೆಯುತ್ತದೆ. ಪೈನ್ ಮರವಾದರೆ 18ರಿಂದ 20 ಮಿ.ಮೀ. ಇರಲಿ. ಮರದ ಗಂಟು ಇರುವ ರೀಪನ್ನು ಪಕ್ಕಕ್ಕಿಡಿ; ಪಟ್ಟಿ ಮುರಿದಾಗ ಸೀಳು ಹೊರಡುವುದು ಹೆಚ್ಚಾಗಿ ಗಂಟಿನಿಂದಲೇ. ಬಿಲ್ಲಿನಂತೆ ಬಾಗಿದ ತೆಳು ಪದರದ ಪಟ್ಟಿಗಳು ಬೇರೆ ಜಾತಿ. ಅವು ಬಳುಕಲೆಂದೇ ಮಾಡಿದವು, ಉಬ್ಬು ಮೇಲ್ಮುಖವಾಗಿ ಇರಬೇಕು. ತಲೆಕೆಳಗಾಗಿ ಜೋಡಿಸಿದರೆ ಮೊದಲ ದಿನದಿಂದಲೇ ಹಾಸಿಗೆ ಗುಂಡಿ ಬಿದ್ದಂತೆ ಇರುತ್ತದೆ.

ನಡುವಿನ ತೊಲೆಯೇ ಎಲ್ಲಕ್ಕಿಂತ ಮುಖ್ಯ, ಜನ ನೋಡದೇ ಬಿಡುವುದೂ ಅದನ್ನೇ. ಒಂದೇ ಭಾರಕ್ಕೆ ಪಟ್ಟಿ ಎಷ್ಟು ಬಾಗುತ್ತದೆ ಎಂಬುದು ಎರಡು ಆಧಾರಗಳ ನಡುವಿನ ದೂರದ ಘನಕ್ಕೆ ಅನುಗುಣವಾಗಿ ಹೆಚ್ಚುತ್ತದೆ. 150 ಸೆಂ.ಮೀ. ಅಗಲದ ಮಂಚದ ನಡುವೆ ಒಂದು ತೊಲೆ ಕೊಟ್ಟರೆ ಪಟ್ಟಿ 75 ಸೆಂ.ಮೀ. ಮಾತ್ರ ದಾಟಬೇಕು, ಬಾಗುವುದು ಸುಮಾರು ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಒಬ್ಬರು ಮಲಗುವ 90 ಸೆಂ.ಮೀ. ಮಂಚಕ್ಕೆ ತೊಲೆ ಇಲ್ಲದಿದ್ದರೂ ನಡೆಯುತ್ತದೆ. 135ರಿಂದ ಮೇಲಕ್ಕೆ ಬೇಕು. ತೊಲೆಗೆ ನೆಲ ಮುಟ್ಟುವ ಕಾಲೂ ಬೇಕು: 150 ಅಗಲದ ಮಂಚಕ್ಕೆ ಕನಿಷ್ಠ ಒಂದು, 180 ಮತ್ತು ಅದಕ್ಕಿಂತ ಅಗಲದ ಮಂಚಕ್ಕೆ ಎರಡೋ ಮೂರೋ. ಬಾಕ್ಸ್ ಸ್ಪ್ರಿಂಗ್ ಹಾಕಿದ್ದೇವೆ, ಹಾಗಾಗಿ ತೊಲೆ ಬೇಡ ಎಂದು ಕೆಲವರು ತಿಳಿಯುತ್ತಾರೆ. ಅದು ತಪ್ಪು. ಅಗಲ ಮಂಚದಲ್ಲಿ ತೊಲೆ ಇಲ್ಲದಿದ್ದರೆ ಬಾಕ್ಸ್ ಸ್ಪ್ರಿಂಗಿನ ಮರದ ಚೌಕಟ್ಟೇ ನಡುವೆ ಬಾಗಿ ಸೀಳುತ್ತದೆ.

ಕಾಲು ನಿಜಕ್ಕೂ ಭಾರ ಹೊರುತ್ತಿದೆಯೇ ಎಂದು ತಿಳಿಯಲು ಹಾಸಿಗೆಯ ಮೇಲೆ ಒಬ್ಬರನ್ನು ಮಲಗಿಸಿ, ನಡುಗಾಲಿನ ಅಡಿಗೆ ಒಂದು ಕಾಗದ ತೂರಿಸಿ. ಕಾಗದ ಸಲೀಸಾಗಿ ಹೋದರೆ ಆ ಕಾಲು ಗಾಳಿಯಲ್ಲಿದೆ ಎಂದರ್ಥ. ತಿರುಗಿಸುವ ತಿರುಪು ಇದ್ದರೆ ಇಳಿಸಿ, ಇಲ್ಲದಿದ್ದರೆ ಗಟ್ಟಿಮರದ ಚೂರು ಕೊಡಿ. ಮಂಚ ಜರುಗಿಸಿದಾಗಲೆಲ್ಲ ಈ ಪರೀಕ್ಷೆ ಮತ್ತೆ ಮಾಡಬೇಕು, ನೆಲ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ.

ನಡುರಾತ್ರಿ ಪಟ್ಟಿಗಳು ಕಳಚಿ ಬೀಳುವುದಕ್ಕೆ ಹೆಚ್ಚಿನ ಸಲ ಕಾರಣ ಪಟ್ಟಿ ಮುರಿದದ್ದಲ್ಲ, ಪಕ್ಕದ ಹಲಗೆಗಳು ಹೊರಕ್ಕೆ ಬಾಗಿದ್ದು. ಪಟ್ಟಿಯ ತುದಿ ಒಳಪಟ್ಟಿಯ ಮೇಲೆ ಎರಡೂ ಕಡೆ ಕನಿಷ್ಠ 2 ಸೆಂ.ಮೀ. ಕೂತಿರಬೇಕು. ಮೊದಲನೆಯದು, ನಡುವಿನದು, ಕೊನೆಯದು ಈ ಮೂರು ಪಟ್ಟಿಗಳನ್ನಾದರೂ ಎರಡೂ ತುದಿಗೆ ಸ್ಕ್ರೂ ಹಾಕಿ ಬಿಗಿಯಿರಿ. ಆಗ ಪಟ್ಟಿಗಳೇ ಪಕ್ಕದ ಹಲಗೆಗಳನ್ನು ಹಿಡಿದಿಡುತ್ತವೆ. ಸ್ಕ್ರೂಗೆ ಮೊದಲು ಸಣ್ಣ ತೂತು ಕೊರೆಯದಿದ್ದರೆ ರೀಪಿನ ತುದಿ ಸೀಳುತ್ತದೆ. ಉಳಿದ ಪಟ್ಟಿಗಳು ಅತ್ತಿತ್ತ ಸರಿಯದಂತೆ ಎರಡು ಸಾಲು ನವಾರು ಪಟ್ಟಿಯನ್ನು ಉದ್ದಕ್ಕೂ ಎಳೆದು ಪ್ರತಿ ರೀಪಿಗೂ ಸ್ಟೇಪಲ್ ಹೊಡೆದರೆ ಸಾಕು.

ಹಾಸಿಗೆ ಯಾವುದು?

ಮೆಮೊರಿ ಫೋಮ್, ಲೇಟೆಕ್ಸ್, ಪೂರ್ತಿ ಫೋಮ್ ಹಾಸಿಗೆಗಳಿಗೆ ಸ್ಪ್ರಿಂಗ್ ಇರುವ ಬಾಕ್ಸ್ ಹೊಂದುವುದಿಲ್ಲ. ಫೋಮ್ ತನ್ನ ಕೆಳಗಿನ ಆಕಾರವನ್ನೇ ತಾನೂ ತಳೆಯುವ ವಸ್ತು. ಕೆಳಗೆ ಸ್ಪ್ರಿಂಗ್ ಕುಗ್ಗಿದರೆ ಸೊಂಟದ ಭಾಗ ಇಮ್ಮಡಿ ಇಳಿಯುತ್ತದೆ. ಇವಕ್ಕೆ ಗಟ್ಟಿಯಾದ ಫೌಂಡೇಶನ್, ಒತ್ತಾದ ಅಡ್ಡಪಟ್ಟಿ, ಅಥವಾ ಗಾಳಿ ಆಡುವ ಹಲಗೆ ಇರಲಿ. ಸ್ಪ್ರಿಂಗೂ ಫೋಮೂ ಸೇರಿದ ಹೈಬ್ರಿಡ್ ಹಾಸಿಗೆಗೂ ಇದೇ ಮಾತು. ಬಾನೆಲ್ ಸ್ಪ್ರಿಂಗ್ ಹಾಸಿಗೆಯೊಂದೇ ನಿಜವಾದ ಬಾಕ್ಸ್ ಸ್ಪ್ರಿಂಗಿನ ಮೇಲೆ ಚೆನ್ನಾಗಿ ಕೂರುವುದು. ಅದಕ್ಕೂ ಅದು ಅನಿವಾರ್ಯವೇನಲ್ಲ, ಒಳ್ಳೆಯ ಅಡ್ಡಪಟ್ಟಿ ಸಾಕು. ಹತ್ತಿ ಹಾಸಿಗೆಗೆ ಪೂರ್ತಿ ಹಲಗೆ ಅಥವಾ ಸಣ್ಣ ಸಂದಿನ ಪಟ್ಟಿಗಳು ಸರಿ.

ವಾರಂಟಿ ಪತ್ರವನ್ನು ಕೊಳ್ಳುವ ಮೊದಲೇ ಓದಿ. ಆಧಾರ ಎಂಬ ಭಾಗದಲ್ಲಿ ಸಂದಿನ ಮಿತಿ, ನಡುತೊಲೆ, ನೆಲ ಮುಟ್ಟುವ ಕಾಲು ಇವುಗಳ ಬಗ್ಗೆ ಬರೆದಿರುತ್ತಾರೆ. ಹಾಸಿಗೆ ತಗ್ಗು ಬಿತ್ತೆಂದು ದೂರು ಕೊಟ್ಟಾಗ ಮೊದಲು ಕೇಳುವುದು ಮಂಚದ ಫೋಟೋ. ಜೋಡಿಸಿದ ದಿನವೇ ಟೇಪು ಹಿಡಿದು ಸಂದು ಕಾಣುವಂತೆ ಎರಡು ಫೋಟೋ ತೆಗೆದಿಡಿ.

ಪ್ಲೈವುಡ್ ಹಾಕಿದರೆ ಆಗದೇ?

ಆಗುತ್ತದೆ, ಸರಿಯಾಗಿ ಹಾಕಿದರೆ. ಅಡ್ಡಪಟ್ಟಿಗಳು ಗಟ್ಟಿಯಿದ್ದು ಸಂದು ಮಾತ್ರ ದೊಡ್ಡದಿದ್ದರೆ 9ರಿಂದ 12 ಮಿ.ಮೀ. ಪ್ಲೈವುಡ್ ಸಾಕು. ಪಟ್ಟಿಗಳೇ ಇಲ್ಲದೆ ಕೆಲವೇ ಸರಳುಗಳ ಮೇಲೆ ಕೂರಿಸುವುದಾದರೆ 18 ಮಿ.ಮೀ. ಬೇಕು, ನಡುತೊಲೆಯೂ ಬೇಕು. ಅಗಲ ಮಂಚಕ್ಕೆ ಒಂದೇ ಹಾಳೆ ಬೇಡ. ಎರಡು ತುಂಡು ಮಾಡಿ, ಸೇರುವ ಗೆರೆ ನಡುತೊಲೆಯ ಮೇಲೆಯೇ ಬರುವಂತೆ ಕೂರಿಸಿ. ಒಳ ಅಳತೆಗಿಂತ ಸುತ್ತಲೂ ಅರ್ಧ ಸೆಂ.ಮೀ. ಕಡಿಮೆ ಕತ್ತರಿಸಿದರೆ ಎತ್ತಿ ಇಳಿಸುವುದು ಸುಲಭ. ಮೂಲೆ ದುಂಡು ಮಾಡಿ, ಅಂಚನ್ನು ಮರಳು ಕಾಗದದಲ್ಲಿ ಉಜ್ಜಿ. ಸಿಬಿರು ಉಳಿದರೆ ಹಾಸಿಗೆಯ ಬಟ್ಟೆ ಹರಿಯುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ ತೂತು ಕೊರೆಯಿರಿ: 25ರಿಂದ 30 ಮಿ.ಮೀ. ವ್ಯಾಸದ್ದು, 15ರಿಂದ 20 ಸೆಂ.ಮೀ.ಗೆ ಒಂದರಂತೆ. ರಾತ್ರಿಯಿಡೀ ಮೈಯಿಂದ ಹೊರಟ ಬೆವರಿನ ತೇವ ಹಾಸಿಗೆಯೊಳಗೆ ಕೆಳಕ್ಕಿಳಿಯುತ್ತದೆ. ತಣ್ಣಗಿನ ಹಲಗೆ ಸಿಕ್ಕ ಕೂಡಲೆ ಅಲ್ಲೇ ನಿಂತು, ವಾರಗಳಲ್ಲಿ ಬೂಷ್ಟು ಕಟ್ಟುತ್ತದೆ. ಹಾಸಿಗೆಯನ್ನು ನೇರ ನೆಲದ ಮೇಲೆ ಹಾಕಿದವರಿಗೂ ಇದೇ ತೊಂದರೆ. ತೂತು ಇದ್ದರೂ ತಿಂಗಳಿಗೊಮ್ಮೆ ಹಾಸಿಗೆಯನ್ನು ಎಬ್ಬಿಸಿ ನಿಲ್ಲಿಸಿ ಗಾಳಿಗೆ ಒಡ್ಡಿ. ಮರದ ಚೂರು, ನಾರು ಅಂಟಿಸಿ ಮಾಡಿದ ಪಾರ್ಟಿಕಲ್ ಬೋರ್ಡ್, ಎಂಡಿಎಫ್ ಹಲಗೆಗಳು ಈ ಕೆಲಸಕ್ಕೆ ಬೇಡ. ಭಾರಕ್ಕೆ ಮೆಲ್ಲಗೆ ಬಾಗಿ ಹಾಗೇ ಉಳಿಯುತ್ತವೆ, ತೇವ ಕುಡಿದು ಉಬ್ಬುತ್ತವೆ.

ತಗ್ಗು ಬಿದ್ದ ಹಳೆಯ ಬಾಕ್ಸ್ ಸ್ಪ್ರಿಂಗಿನ ಮೇಲೆ ಪ್ಲೈವುಡ್ ಹಾಕುವುದು ಕೆಲವು ದಿನಗಳ ಮಟ್ಟಿಗೆ ಆದೀತು. ಕೆಳಗಿನ ಸ್ಪ್ರಿಂಗು ಒಂದು ಕಡೆ ಕುಗ್ಗಿರುವುದರಿಂದ ಹಲಗೆ ಆ ಕಡೆಗೆ ವಾಲುತ್ತದೆ, ಕಿರುಗುಟ್ಟುತ್ತದೆ. ಆ ಹಳೆಯದನ್ನು ತೆಗೆದೇ ಹಾಕುವುದು ಸರಿ.

ಎತ್ತರದ ಲೆಕ್ಕ

ಹಾಸಿಗೆಯ ಅಂಚಿನಲ್ಲಿ ಕೂತಾಗ ಪಾದ ಪೂರ್ತಿ ನೆಲಕ್ಕೆ ಊರಿ, ಮಂಡಿ ಸೊಂಟದ ಮಟ್ಟಕ್ಕೆ ಬಂದರೆ ಎತ್ತರ ಸರಿ. ಹೆಚ್ಚಿನ ವಯಸ್ಕರಿಗೆ ಅದು 50ರಿಂದ 60 ಸೆಂ.ಮೀ. ಆಸುಪಾಸು. 18 ಸೆಂ.ಮೀ. ಎತ್ತರದ ಲೋಹದ ಚೌಕಟ್ಟು, 23ರ ಬಾಕ್ಸ್ ಸ್ಪ್ರಿಂಗ್, 30ರ ಹಾಸಿಗೆ ಸೇರಿದರೆ 71 ಸೆಂ.ಮೀ. ಆಯಿತು, ಕುಳ್ಳಗಿನವರು ಹತ್ತಿ ಇಳಿಯಬೇಕಾಗುತ್ತದೆ. ಅದೇ ಚೌಕಟ್ಟಿಗೆ 12ರ ಗಿಡ್ಡ ಫೌಂಡೇಶನ್ ಹಾಕಿದರೆ 60. ಈಗಿನ ದಪ್ಪ ಹಾಸಿಗೆಗಳ ಜೊತೆ ಗಿಡ್ಡ ಮಾದರಿಯೇ ಹೊಂದುತ್ತದೆ, ಬಲಕ್ಕೆ ಏನೂ ಕೊರತೆಯಾಗದು. ಮಂಡಿನೋವಿನವರಿಗೆ, ಸೊಂಟದ ಶಸ್ತ್ರಚಿಕಿತ್ಸೆ ಆದವರಿಗೆ ತೀರ ತಗ್ಗಿನ ಮಂಚದಿಂದ ಏಳುವುದು ಕಷ್ಟ, 35 ಸೆಂ.ಮೀ. ಮಂಚದ ಮೇಲೆ 15ರ ತೆಳು ಹಾಸಿಗೆ ಇದ್ದಂತಹ ಕಡೆ ಎತ್ತರಕ್ಕಾಗಿಯೇ ಒಂದು ಗಿಡ್ಡ ಫೌಂಡೇಶನ್ ಸೇರಿಸುವುದರಲ್ಲಿ ಅರ್ಥವಿದೆ. ಸೇರಿಸುವ ಮೊದಲು ತಲೆಕಟ್ಟು ಹಾಸಿಗೆಯ ಹಿಂದೆ ಮುಚ್ಚಿಹೋಗುವುದೇ, ಪಕ್ಕದ ಹಲಗೆಯಲ್ಲಿ ಫೌಂಡೇಶನ್ ಜಾರದಂತೆ ತಡೆ ಇದೆಯೇ ಎಂದು ನೋಡಿಕೊಳ್ಳಿ.

ತಪ್ಪು ಯಾವುದರದು?

ಬೆಳಿಗ್ಗೆ ಬೆನ್ನು ಹಿಡಿದುಕೊಂಡರೆ ಹಾಸಿಗೆ ಬದಲಾಯಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಹಾಸಿಗೆಯನ್ನು ಮೂರು ನಾಲ್ಕು ರಾತ್ರಿ ನೆಲದ ಮೇಲೆ ಹಾಕಿ ಮಲಗಿ. ತಗ್ಗು ಹೋಯಿತೆಂದರೆ ದೋಷ ಆಧಾರದ್ದು. ಹೋಗಲಿಲ್ಲವೆಂದರೆ ಹಾಸಿಗೆಯದು, ಹೊಸ ಬಾಕ್ಸ್ ಸ್ಪ್ರಿಂಗ್ ತಂದರೂ ಪ್ರಯೋಜನವಿಲ್ಲ. ಆಧಾರವನ್ನು ಬೇರೆಯಾಗಿ ನೋಡಲು ಹಾಸಿಗೆ ತೆಗೆದು ಅಡ್ಡಕ್ಕೊಂದು ದಾರ ಬಿಗಿಯಾಗಿ ಎಳೆಯಿರಿ. ನಡುವೆ ದಾರಕ್ಕೂ ಆಧಾರಕ್ಕೂ 1 ಸೆಂ.ಮೀ.ಗಿಂತ ಹೆಚ್ಚು ಅಂತರವಿದ್ದರೆ ಅದು ಖಾಯಂ ಆಗಿ ಬಾಗಿದೆ. ಆಮೇಲೆ ಒಬ್ಬರು ನಡುವೆ ಒಂದು ಮಂಡಿ ಊರಲಿ, ಎಷ್ಟು ಇಳಿಯುತ್ತದೆ ಎಂದು ಇನ್ನೊಬ್ಬರು ದಾರದಿಂದ ಅಳೆಯಲಿ.

ಕಿರುಗುಟ್ಟುವ ಶಬ್ದ ಬಂದ ಕೂಡಲೆ ಜನ ಸ್ಪ್ರಿಂಗನ್ನು ದೂರುತ್ತಾರೆ. ಮೊದಲು ಬೋಲ್ಟುಗಳನ್ನು ಬಿಗಿ ಮಾಡಿ, ಅಡ್ಡಪಟ್ಟಿಯ ತುದಿಗಳ ಕೆಳಗೆ ಫೆಲ್ಟ್ ತುಂಡು ಅಂಟಿಸಿ, ಮರ ಮರಕ್ಕೆ ಉಜ್ಜುವ ಕಡೆ ಮೇಣ ಸವರಿ. ಇಷ್ಟಾದರೂ ನಿಲ್ಲದಿದ್ದರೆ ಬಾಕ್ಸ್ ಸ್ಪ್ರಿಂಗನ್ನು ನೆಲಕ್ಕಿಟ್ಟು ಒಂದೊಂದೇ ಮೂಲೆ ಒತ್ತಿ. ಅಲ್ಲೂ ಸದ್ದು ಬಂದರೆ ಒಳಗಿನ ತಂತಿ ಮರದಿಂದ ಕಿತ್ತುಬಂದಿದೆ ಅಥವಾ ಚೌಕಟ್ಟು ಸೀಳಿದೆ. ಅದನ್ನು ರಿಪೇರಿ ಮಾಡುವುದಕ್ಕಿಂತ ಫೌಂಡೇಶನ್ ತರುವುದು ಲೇಸು. ಹತ್ತು ವರ್ಷ ಬಳಸಿದ ಬಾಕ್ಸ್ ಸ್ಪ್ರಿಂಗಿನ ಮೇಲೆ ಹೊಸ ಹಾಸಿಗೆ ಹಾಕಬೇಡಿ; ಹಳೆಯದರ ತಗ್ಗು ಹೊಸದಕ್ಕೂ ಇಳಿಯುತ್ತದೆ.

ಕೊಳ್ಳಲೇಬೇಕೆಂದು ನಿರ್ಧರಿಸಿದವರು ಮೆಟ್ಟಿಲ ತಿರುವು, ಬಾಗಿಲ ಅಗಲ ಅಳೆದುಕೊಂಡು ಹೋಗಿ. ಫೋಮ್ ಹಾಸಿಗೆಯನ್ನು ಬಗ್ಗಿಸಿ ಒಳಗೆ ತರಬಹುದು, ಬಾಕ್ಸ್ ಸ್ಪ್ರಿಂಗು ಬಗ್ಗುವುದಿಲ್ಲ. 150 ಅಗಲದ್ದು ಕಿರಿದಾದ ಮೆಟ್ಟಿಲಲ್ಲಿ ಸಿಕ್ಕಿಕೊಂಡರೆ ಎರಡು ಭಾಗದ ಮಾದರಿ ಕೇಳಿ. ಅದಕ್ಕಿಂತ ದೊಡ್ಡವು ಸಾಮಾನ್ಯವಾಗಿ ಎರಡು ಭಾಗವಾಗಿಯೇ ಬರುತ್ತವೆ. ಎರಡು ಭಾಗದ್ದಾದರೆ ಅವು ಸೇರುವ ಗೆರೆಯ ಅಡಿಗೆ ಆಧಾರ ಇರಲೇಬೇಕು. ಒಂದು ಭಾಗ ಒಂದೆರಡು ಸೆಂ.ಮೀ. ಕೆಳಗೆ ಕೂತರೂ ಮೇಲಿನ ಹಾಸಿಗೆಯ ನಡುವೆ ಮೆಟ್ಟಿಲು ಏಳುತ್ತದೆ. ಉದ್ದದ ನೇರ ಪಟ್ಟಿಯೊಂದನ್ನು ಎರಡರ ಮೇಲೂ ಅಡ್ಡವಿಟ್ಟು, ಮಟ್ಟ ಸರಿಯಿದೆ ಎಂದಾದ ಮೇಲೆಯೇ ಹಾಸಿಗೆ ಹಾಸಿ.